ತಪ್ಪು ಪೈಲಟ್‌ನದೇ ಇರಬಹುದು, ಹೊಣೆ ಅವನೊಬ್ಬನದಲ್ಲ

ಸಣ್ಣ ವಿಮಾನ ನಿಲ್ದಾಣವೊಂದರಲ್ಲಿ ಎರಡು ವಿಮಾನಗಳು ಒಂದಕ್ಕೊಂದು ಬಡಿದರೆ ತನಿಖೆಯ ತೀರ್ಮಾನ ಏನಿರುತ್ತದೆಂದು ಬಹುಪಾಲು ಮೊದಲೇ ಊಹಿಸಬಹುದು. ಒಬ್ಬ ಪೈಲಟ್ ಇನ್ನೊಂದು ವಿಮಾನವನ್ನು ನೋಡಲಿಲ್ಲ, ಇಲ್ಲವೇ ರೇಡಿಯೊದಲ್ಲಿ ಬಂದ ಮಾತಿಗೆ ಕಿವಿಗೊಡಲಿಲ್ಲ. ಈ ತೀರ್ಮಾನ ಸುಳ್ಳೇನೂ ಅಲ್ಲ. ಆದರೆ ಅದಕ್ಕೊಂದು ಅನುಕೂಲವಿದೆ: ಆರೋಪ ಹೊತ್ತವನು ಬಹಳ ಸಲ ಅದೇ ಅಪಘಾತದಲ್ಲಿ ತೀರಿಕೊಂಡಿರುತ್ತಾನೆ, ಎದುರು ಮಾತನಾಡಲಾರ. ಬದುಕಿರುವವರು ಯಾರೂ ಏನನ್ನೂ ಬದಲಿಸಬೇಕಾಗಿಲ್ಲ. ರನ್‌ವೇ ಹಾಗೇ ಇರುತ್ತದೆ, ನಿಯಮ ಹಾಗೇ ಇರುತ್ತದೆ, ಕಡತ ಮುಚ್ಚುತ್ತದೆ. ಕೆಲವು ವರ್ಷಗಳ ನಂತರ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಪೈಲಟ್ ಅದೇ ತಪ್ಪು ಮಾಡುತ್ತಾನೆ. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ತರಬೇತಿ ಪಡೆದವರು, ಒಂದೇ ಬಗೆಯ ಜಾಗದಲ್ಲಿ ಒಂದೇ ಬಗೆಯ ತಪ್ಪನ್ನು ದಶಕಗಳ ಕಾಲ ಮಾಡುತ್ತಲೇ ಇದ್ದರೆ ಅದನ್ನು ವ್ಯಕ್ತಿಯ ದೋಷವೆಂದು ಬಿಟ್ಟುಬಿಡಲು ಆಗುವುದಿಲ್ಲ. ಕಂಟ್ರೋಲ್ ಟವರ್ ಇಲ್ಲದ ನಿಲ್ದಾಣಗಳು ಅಪಾಯಕಾರಿ, ಅವನ್ನು ಮುಚ್ಚಬೇಕು ಎಂದು ನಾನು ಹೇಳುತ್ತಿಲ್ಲ. ಟವರ್ ಇಲ್ಲದ ಕಡೆ ಪೈಲಟ್ ತಪ್ಪುತ್ತಾನೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಆ ತಪ್ಪನ್ನು ಹಿಡಿಯಬಲ್ಲ ಅಗ್ಗದ ಎರಡನೆಯ ತಪಾಸಣೆಯನ್ನು ಕಡ್ಡಾಯ ಮಾಡದೆ ಇರುವುದೇ ನಿಜವಾದ ಲೋಪ ಎಂಬುದು ನನ್ನ ವಾದ.

ಮೊದಲು ಇಂಥ ನಿಲ್ದಾಣಗಳು ನಡೆಯುವ ಬಗೆ ತಿಳಿಯಬೇಕು. ಅಮೆರಿಕದಲ್ಲಿ ಸಾರ್ವಜನಿಕರ ಬಳಕೆಗೆ ತೆರೆದಿರುವ ಸುಮಾರು 5,000 ವಿಮಾನ ನಿಲ್ದಾಣಗಳ ಪೈಕಿ ಟವರ್ ಇರುವುದು 500ರ ಆಸುಪಾಸು ಮಾತ್ರ. ಉಳಿದೆಡೆ ಯಾವ ವಿಮಾನ ಮೊದಲು ಇಳಿಯಬೇಕು, ಯಾವುದು ಕಾಯಬೇಕು ಎಂದು ಹೇಳುವ ಅಧಿಕಾರಿ ಇರುವುದಿಲ್ಲ. ಪೈಲಟ್‌ಗಳೆಲ್ಲ ಒಂದೇ ರೇಡಿಯೊ ತರಂಗಾಂತರದಲ್ಲಿ ತಾವೆಲ್ಲಿದ್ದೇವೆ, ಯಾವ ರನ್‌ವೇಗೆ ಬರುತ್ತಿದ್ದೇವೆ ಎಂದು ಸಾರುತ್ತಾರೆ. ರನ್‌ವೇ ಪಕ್ಕದಲ್ಲಿ ಸಾವಿರ ಅಡಿ ಎತ್ತರದಲ್ಲಿ, ಸಾಮಾನ್ಯವಾಗಿ ಎಡಕ್ಕೆ ತಿರುಗುತ್ತ, ಆಯತಾಕಾರದ ಒಂದು ಸುತ್ತು ಹಾಕಿ ಇಳಿಯುವುದು ರೂಢಿ. ಇಳಿಯುತ್ತಿರುವ ವಿಮಾನಕ್ಕೆ ನೆಲದ ಮೇಲಿರುವುದು ದಾರಿ ಬಿಡಬೇಕು. ಎರಡೂ ಇಳಿಯುತ್ತಿದ್ದರೆ ಕೆಳಗಿರುವುದಕ್ಕೆ ಮೊದಲ ಹಕ್ಕು. ಪೊಲೀಸ್ ಇಲ್ಲದ ನಾಲ್ಕು ರಸ್ತೆ ಕೂಡುವಲ್ಲಿ ವಾಹನಗಳು ಒಂದನ್ನೊಂದು ನೋಡಿಕೊಂಡು ದಾಟುವ ಹಾಗೆಯೇ ಇದು, ಆದರೆ ಇಲ್ಲಿ ಬ್ರೇಕ್ ಹಾಕಿ ನಿಲ್ಲುವ ಸೌಲಭ್ಯವಿಲ್ಲ. ಅನೇಕ ಕಡೆ ರೇಡಿಯೊ ಇರಲೇಬೇಕೆಂಬ ನಿಯಮವೂ ಇಲ್ಲ. ಅಕ್ಕಪಕ್ಕದ ಹಲವು ನಿಲ್ದಾಣಗಳು ಒಂದೇ ತರಂಗಾಂತರವನ್ನು ಹಂಚಿಕೊಂಡಿರುವುದರಿಂದ ಪ್ರತಿ ಮಾತಿನ ಆದಿಯಲ್ಲೂ ಅಂತ್ಯದಲ್ಲೂ ಊರಿನ ಹೆಸರು ಹೇಳದಿದ್ದರೆ ಯಾರು ಎಲ್ಲಿ ಇಳಿಯುತ್ತಿದ್ದಾರೆಂದೇ ತಿಳಿಯದು. ದೊಡ್ಡ ನಿಲ್ದಾಣದಲ್ಲಿ ನಿಯಂತ್ರಕನೊಬ್ಬ ಮಾಡುವ ಕೆಲಸವನ್ನೆಲ್ಲ ಇಲ್ಲಿ ಪೈಲಟ್‌ನ ಕಣ್ಣು, ಕಿವಿ ಮತ್ತು ಸೌಜನ್ಯಕ್ಕೆ ವಹಿಸಲಾಗಿದೆ. ಈ ಏರ್ಪಾಡು ದಿನಕ್ಕೆ ಸಾವಿರಾರು ಸಲ ಸುಸೂತ್ರವಾಗಿ ನಡೆಯುತ್ತದೆ ಎಂಬುದೂ ನಿಜ.

ನಡೆಯದೇ ಹೋದ ದಿನ ಏನಾಗುತ್ತದೆ ಎಂಬುದಕ್ಕೆ ಇಲಿನಾಯ್ ರಾಜ್ಯದ ಕ್ವಿನ್ಸಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. 1996ರ ನವೆಂಬರ್ 19ರ ಸಂಜೆ ಐದು ಗಂಟೆ ಹೊತ್ತಿಗೆ, ಹತ್ತು ಪ್ರಯಾಣಿಕರೂ ಇಬ್ಬರು ಪೈಲಟ್‌ಗಳೂ ಇದ್ದ ಯುನೈಟೆಡ್ ಎಕ್ಸ್‌ಪ್ರೆಸ್‌ನ ಬೀಚ್ 1900ಸಿ ವಿಮಾನ 13ನೇ ರನ್‌ವೇ ಕಡೆಗೆ ಇಳಿಯುತ್ತಿತ್ತು. ಅದನ್ನು ಅಡ್ಡಹಾಯುವ 4ನೇ ರನ್‌ವೇ ತುದಿಯಲ್ಲಿ ಇಬ್ಬರಿದ್ದ ಕಿಂಗ್ ಏರ್ ವಿಮಾನವೊಂದು ಹೊರಡಲು ನಿಂತಿತ್ತು. ಅದರ ಹಿಂದೆ ಒಂದು ಸಣ್ಣ ಚೆರೋಕಿ. ಇಳಿಯುತ್ತಿದ್ದ ವಿಮಾನದ ಕ್ಯಾಪ್ಟನ್ ಮಾಡಬೇಕಾದುದನ್ನೇ ಮಾಡಿದರು: ರನ್‌ವೇ ಮೇಲೆ ನಿಂತಿರುವ ವಿಮಾನ ಅಲ್ಲೇ ಕಾಯುತ್ತದೆಯೋ, ಹೊರಡುತ್ತದೆಯೋ ಎಂದು ರೇಡಿಯೊದಲ್ಲಿ ನೇರವಾಗಿ ಕೇಳಿದರು. ಕಿಂಗ್ ಏರ್ ಉತ್ತರಿಸಲಿಲ್ಲ. ಉತ್ತರಿಸಿದ್ದು ಹಿಂದಿದ್ದ ಚೆರೋಕಿಯ ಪೈಲಟ್. ತಾನು ಕಾಯುತ್ತಿದ್ದೇನೆ ಎಂಬ ಅರ್ಥದ ಮಾತು. ಅದೇ ಕ್ಷಣದಲ್ಲಿ ಇಳಿಯುತ್ತಿದ್ದ ವಿಮಾನದ ಕಾಕ್‌ಪಿಟ್‌ನಲ್ಲಿ ನೆಲ ಇನ್ನೂರು ಅಡಿ ಕೆಳಗಿದೆ ಎಂದು ಸಾರುವ ಯಂತ್ರದ ಧ್ವನಿ ಮೊಳಗಿ ಆ ಮಾತು ತುಂಡಾಯಿತು. ಕೇಳಿಸಿದಷ್ಟನ್ನು ಕಿಂಗ್ ಏರ್‌ನ ಉತ್ತರವೆಂದೇ ನಂಬಿದ ಪೈಲಟ್‌ಗಳು ಧನ್ಯವಾದ ಹೇಳಿ ಇಳಿದರು. ಕಿಂಗ್ ಏರ್ ಹೊರಡುವುದಾಗಿ ಹೇಳದೆಯೇ ಓಡತೊಡಗಿತು. ಎರಡು ರನ್‌ವೇಗಳು ಕೂಡುವಲ್ಲಿ ಡಿಕ್ಕಿಯಾಗಿ ಬೆಂಕಿ ಹೊತ್ತಿತು. ಎರಡೂ ವಿಮಾನಗಳಲ್ಲಿದ್ದ ಹದಿನಾಲ್ಕೂ ಜನ ಸತ್ತರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ನೀಡಿದ ಕಾರಣ ನಿರೀಕ್ಷಿತವೇ: ಕಿಂಗ್ ಏರ್‌ನ ಪೈಲಟ್‌ಗಳು ರೇಡಿಯೊವನ್ನು ಸರಿಯಾಗಿ ಆಲಿಸಲಿಲ್ಲ, ಸುತ್ತ ನೋಡಲಿಲ್ಲ. ಆದರೆ ಮಂಡಳಿ ಅಲ್ಲಿಗೇ ನಿಲ್ಲಲಿಲ್ಲ ಎಂಬುದೇ ಆ ವರದಿಯ ಹಿರಿಮೆ. ತುಂಡಾದ ರೇಡಿಯೊ ಮಾತನ್ನು ಅದು ಪೂರಕ ಕಾರಣವೆಂದು ಗುರುತಿಸಿತು. ಅದಕ್ಕಿಂತ ಮುಖ್ಯವಾಗಿ, ಇಷ್ಟೊಂದು ಜನ ಸತ್ತಿದ್ದೇಕೆ ಎಂಬ ಬೇರೆಯದೇ ಪ್ರಶ್ನೆಯನ್ನು ಎತ್ತಿತು. ಡಿಕ್ಕಿಯ ಹೊಡೆತಕ್ಕೆ ಯಾರೂ ಸಾಯಬೇಕಾಗಿರಲಿಲ್ಲ. ಅವರನ್ನು ಕೊಂದದ್ದು ಹೊಗೆ ಮತ್ತು ಬೆಂಕಿ. ಓಡಿಬಂದವರಿಗೆ ಒಳಗಿದ್ದವರು ಬದುಕಿರುವುದು ಗೊತ್ತಾಯಿತು, ಆದರೆ ಬೀಚ್ ವಿಮಾನದ ಮೆಟ್ಟಿಲು ಬಾಗಿಲು ಜಖಂಗೊಂಡು ತೆರೆಯಲೇ ಇಲ್ಲ. ನಿಲ್ದಾಣದಲ್ಲಿ ಆ ಹೊತ್ತಿಗೆ ಅಗ್ನಿಶಾಮಕ ಸಿಬ್ಬಂದಿ ಇರಲಿಲ್ಲ. ಸುಮಾರು ಹತ್ತು ಮೈಲಿ ದೂರದ ಊರಿನಿಂದ ಬರಬೇಕಾಯಿತು. ಇದು ನಿಯಮ ಮುರಿದದ್ದರಿಂದ ಆದದ್ದಲ್ಲ, ನಿಯಮವೇ ಹಾಗಿತ್ತು: ಮೂವತ್ತಕ್ಕಿಂತ ಹೆಚ್ಚು ಸೀಟುಗಳ ವಿಮಾನ ಬರುವಲ್ಲಿ ಮಾತ್ರ ಅಗ್ನಿಶಾಮಕ ವ್ಯವಸ್ಥೆ ಕಡ್ಡಾಯ. ಹತ್ತೊಂಬತ್ತು ಸೀಟಿನ ವಿಮಾನದಲ್ಲಿ ಟಿಕೆಟ್ ಕೊಂಡು ಕೂತವರಿಗೆ ಈ ವಿಷಯವನ್ನು ಯಾರೂ ಹೇಳಿರಲಿಲ್ಲ. ಹತ್ತರಿಂದ ಮೂವತ್ತು ಸೀಟಿನ ನಿಗದಿತ ವಿಮಾನಗಳು ಬರುವ ನಿಲ್ದಾಣಗಳನ್ನೂ ಅಮೆರಿಕ ಈ ನಿಯಮಗಳ ವ್ಯಾಪ್ತಿಗೆ ತಂದದ್ದು 2004ರಲ್ಲಿ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎನ್ನಬಹುದು. ಆದರೂ ಬಾಗಿಲು ಹಾಕಿದ್ದು, ಕಡತವನ್ನು ಪೈಲಟ್ ಹೆಸರಿನಲ್ಲಿ ಮುಚ್ಚದೆ ಮುಂದಕ್ಕೆ ಓದಿದ್ದರಿಂದ.

ತಪ್ಪನ್ನು ಹೀಗೆ ಮುಂದಕ್ಕೆ ಓದುವ ಕ್ರಮ ವಾಯುಯಾನಕ್ಕೆ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲ ಮುಟ್ಟಿದ ಮೇಲೂ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ಇಳಿದ ನಂತರ ರೆಕ್ಕೆಯ ಫ್ಲ್ಯಾಪ್ ಮಡಚಬೇಕಾದ ಪೈಲಟ್‌ಗಳು ಚಕ್ರವನ್ನೇ ಮಡಚುತ್ತಿದ್ದರು. ಬೇಜವಾಬ್ದಾರಿ ಎಂದು ಬರೆದು ಮುಗಿಸುವುದು ಸುಲಭವಿತ್ತು. ಮನೋವಿಜ್ಞಾನಿ ಆಲ್ಫೋನ್ಸ್ ಚಪಾನಿಸ್ ಕಾಕ್‌ಪಿಟ್ ಒಳಗೆ ಹೋಗಿ ನೋಡಿದರೆ ಎರಡರ ಹಿಡಿಗಳೂ ಒಂದೇ ತರ, ಅಕ್ಕಪಕ್ಕದಲ್ಲೇ ಇದ್ದವು. ಒಂದಕ್ಕೆ ಚಕ್ರದಾಕಾರದ, ಇನ್ನೊಂದಕ್ಕೆ ರೆಕ್ಕೆಯಂತೆ ಚಪ್ಪಟೆಯಾದ ಹಿಡಿ ಹಾಕಿದರೆ ಕೈಯೇ ವ್ಯತ್ಯಾಸ ತಿಳಿಯುತ್ತದೆ ಎಂದು ಅವರು ಕಂಡುಕೊಂಡರು. ಇಂದಿಗೂ ವಿಮಾನಗಳಲ್ಲಿ ಚಕ್ರದ ಹಿಡಿ ಚಕ್ರದಂತೆಯೇ ಇರುತ್ತದೆ. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್, ಪೈಲಟ್ ತಪ್ಪೆಂದು ಕರೆಯಲಾದ 460 ಘಟನೆಗಳನ್ನು ಜೋಡಿಸಿ ನೋಡಿದಾಗಲೂ ಅದೇ ಕಂಡಿತು: ತಪ್ಪುಗಳು ಎಲ್ಲೆಂದರಲ್ಲಿ ಚೆದುರಿರಲಿಲ್ಲ, ಉಪಕರಣಗಳು ಮನುಷ್ಯನನ್ನು ದಾರಿ ತಪ್ಪಿಸುವ ಕಡೆಗಳಲ್ಲಿ ಗುಂಪುಗೂಡಿದ್ದವು. ಜನರನ್ನು ಬೈದು ಆಗದ್ದು ಹಿಡಿ ಬದಲಿಸಿ ಆಯಿತು. ಕಾಕ್‌ಪಿಟ್ ಒಳಗೆ ಒಪ್ಪಿಕೊಂಡ ಈ ಪಾಠವನ್ನು ಕಾಕ್‌ಪಿಟ್ ಹೊರಗಿನ ರನ್‌ವೇಗೆ ಅನ್ವಯಿಸಲು ಮಾತ್ರ ನಾವು ಹಿಂಜರಿಯುತ್ತಿದ್ದೇವೆ.

ಟವರ್ ಇಲ್ಲದ ನಿಲ್ದಾಣದ ಇಡೀ ಏರ್ಪಾಡು ನಿಂತಿರುವುದು ನೋಡಿ ತಪ್ಪಿಸಿಕೊಳ್ಳಬೇಕು ಎಂಬ ಒಂದು ಸೂತ್ರದ ಮೇಲೆ. ಆ ಸೂತ್ರ ಮನುಷ್ಯನ ಕಣ್ಣಿನಿಂದ ಏನು ಕೇಳುತ್ತಿದೆ ಎಂದು ಲೆಕ್ಕ ಹಾಕಬಹುದು. ಎದುರು ಬರುವ ವಿಮಾನವನ್ನು ಕಂಡು, ಗುರುತಿಸಿ, ಅಪಾಯವೆಂದು ಅರಿತು, ತಿರುಗಲು ನಿರ್ಧರಿಸಿ, ವಿಮಾನ ನಿಜವಾಗಿ ತಿರುಗುವಷ್ಟರಲ್ಲಿ ಸುಮಾರು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗಸೂಚಿಯೇ ಹೇಳುತ್ತದೆ. ತಲಾ 120 ನಾಟ್ ವೇಗದ ಎರಡು ಸಣ್ಣ ವಿಮಾನಗಳು ಎದುರುಬದುರಾದರೆ ಅಷ್ಟು ಹೊತ್ತಿನಲ್ಲಿ ಅವುಗಳ ನಡುವಿನ ಒಂದೂವರೆ ಕಿಲೋಮೀಟರ್ ಕರಗಿಹೋಗುತ್ತದೆ. ಆ ದೂರದಲ್ಲಿ ಹನ್ನೊಂದು ಮೀಟರ್ ರೆಕ್ಕೆಯ ವಿಮಾನ ಹುಣ್ಣಿಮೆ ಚಂದ್ರನ ಅಗಲಕ್ಕಿಂತಲೂ ಕಿರಿದಾಗಿ, ಅದೂ ತೆಳು ಗೆರೆಯಾಗಿ ಕಾಣುತ್ತದೆ. ಇನ್ನೊಂದು ತೊಡಕಿದೆ: ನೇರ ಡಿಕ್ಕಿಯ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಅಲುಗಾಡುವುದಿಲ್ಲ, ಇದ್ದಲ್ಲೇ ಇದ್ದು ನಿಧಾನವಾಗಿ ದೊಡ್ಡದಾಗುತ್ತದೆ, ನಮ್ಮ ಕಣ್ಣು ಸೆಳೆಯುವುದು ಚಲಿಸುವ ವಸ್ತು. ರೆಕ್ಕೆ ಮೇಲಿರುವ ವಿಮಾನದವರಿಗೆ ಮೇಲಿನದು ಮರೆ, ರೆಕ್ಕೆ ಕೆಳಗಿರುವ ವಿಮಾನದವರಿಗೆ ಕೆಳಗಿನದು ಮರೆ. ಆಸ್ಟ್ರೇಲಿಯಾದ ವಾಯು ಸುರಕ್ಷತಾ ತನಿಖಾ ಸಂಸ್ಥೆ 1991ರಲ್ಲೇ ಈ ಸೂತ್ರದ ಮಿತಿಗಳನ್ನು ವಿವರವಾಗಿ ದಾಖಲಿಸಿತು. ಅದರಲ್ಲಿ ಒಂದು ಭರವಸೆಯ ಅಂಶವೂ ಇದೆ: ಎಲ್ಲಿ ನೋಡಬೇಕೆಂದು ಮೊದಲೇ ತಿಳಿದ ಪೈಲಟ್‌ನ ಹುಡುಕಾಟ, ಸುಮ್ಮನೆ ಆಕಾಶ ಜಾಲಾಡುವವನ ಹುಡುಕಾಟಕ್ಕಿಂತ ಎಂಟು ಪಟ್ಟು ಪರಿಣಾಮಕಾರಿ. ಕಣ್ಣನ್ನು ನಂಬುವುದಾದರೆ ಕಣ್ಣಿಗೆ ದಿಕ್ಕು ತೋರಿಸುವ ಕೆಲಸವನ್ನೂ ಯಾರಾದರೂ ಮಾಡಬೇಕು.

ಮಾಡದಿದ್ದಾಗ ಏನಾಯಿತೆಂದು ಇತ್ತೀಚಿನ ಮೂರು ಅಪಘಾತಗಳು ಹೇಳುತ್ತವೆ. 2022ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ, ರೂಢಿಯಂತೆ ಸುತ್ತು ಹಾಕಿ ಇಳಿಯುತ್ತಿದ್ದ ಪುಟ್ಟ ಸೆಸ್ನಾ 152ಕ್ಕೆ, ದೂರದಿಂದ ನೇರವಾಗಿ ಬಂದ ಎರಡು ಎಂಜಿನ್‌ನ ಸೆಸ್ನಾ 340 ಹಿಂದಿನಿಂದ ಬಡಿದು ಮೂವರು ಸತ್ತರು. ಇಬ್ಬರೂ ರೇಡಿಯೊದಲ್ಲಿ ಮಾತನಾಡಿದ್ದರು. ದೊಡ್ಡ ವಿಮಾನದ ವೇಗ ಇಳಿಯುವ ಹೊತ್ತಿನಲ್ಲೂ 180 ನಾಟ್ ಆಸುಪಾಸಿತ್ತು. ಅದು ತೀರಾ ಹೆಚ್ಚು. ಚಿಕ್ಕ ವಿಮಾನದವರು ಇದನ್ನು ಅರಿತು ಇಳಿಯುವುದನ್ನು ಕೈಬಿಡುತ್ತಿರುವುದಾಗಿ ಹೇಳುವಷ್ಟರಲ್ಲಿ ಕಾಲ ಮೀರಿತ್ತು. 2023ರ ಜುಲೈನಲ್ಲಿ ಆಸ್ಟ್ರೇಲಿಯಾದ ಕಬೂಲ್ಚರ್‌ನಲ್ಲಿ ಅಡ್ಡಹಾಯುವ ಎರಡು ರನ್‌ವೇಗಳನ್ನು ಏಕಕಾಲಕ್ಕೆ ಬಳಸಿದ ಎರಡು ಸಣ್ಣ ವಿಮಾನಗಳು ಡಿಕ್ಕಿಯಾಗಿ ಇಬ್ಬರು ಸತ್ತರು. ಎರಡು ರನ್‌ವೇಗಳ ತುದಿಗಳ ನಡುವೆ ಮರಗಳ ಗುಂಪು ಅಡ್ಡವಾಗಿತ್ತು. ಕ್ವಿನ್ಸಿಯ ಇಪ್ಪತ್ತೇಳು ವರ್ಷಗಳ ನಂತರವೂ ಅದೇ ರೇಖಾಗಣಿತ. ಅದಕ್ಕೆ ಮೊದಲು, 2020ರ ಫೆಬ್ರವರಿಯಲ್ಲಿ, ವಿಕ್ಟೋರಿಯಾ ರಾಜ್ಯದ ಮ್ಯಾಂಗಲೋರ್ ಎಂಬಲ್ಲಿ ಎರಡು ತರಬೇತಿ ವಿಮಾನಗಳು ಆಕಾಶದಲ್ಲಿ ಬಡಿದು ನಾಲ್ವರು ಸತ್ತರು. ಅಲ್ಲಿ ದೂರದ ನಿಯಂತ್ರಕರು ಎರಡೂ ವಿಮಾನಗಳಿಗೆ ಮತ್ತೊಂದರ ಬಗ್ಗೆ ತಿಳಿಸಿದ್ದರು, ಆದರೆ ಪ್ರತ್ಯೇಕವಾಗಿಡುವ ಹೊಣೆ ಪೈಲಟ್‌ಗಳದ್ದೇ ಆಗಿತ್ತು. ಅಕ್ಕಪಕ್ಕದ ವಿಮಾನಗಳ ಸ್ಥಾನವನ್ನು ಪರದೆಯ ಮೇಲೆ ತೋರಿಸುವ ಎಡಿಎಸ್-ಬಿ ರಿಸೀವರ್ ಕಾಕ್‌ಪಿಟ್‌ನಲ್ಲಿ ಇದ್ದಿದ್ದರೆ ತಪ್ಪಿಸಿಕೊಳ್ಳಲು ಸಾಕಷ್ಟು ಮೊದಲೇ ಎಚ್ಚರಿಕೆ ಸಿಗುತ್ತಿತ್ತು ಎಂದು ತನಿಖೆ ತೋರಿಸಿಕೊಟ್ಟಿತು. ಮೂರೂ ಕಡೆ ಹೆಸರಿಸಬಹುದಾದ ತಪ್ಪುಗಳಿವೆ. ಮೂರೂ ಕಡೆ ಆ ತಪ್ಪನ್ನು ಹಿಡಿಯಲು ಎರಡನೆಯ ವ್ಯವಸ್ಥೆ ಇರಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದುದು. ವಿಮಾನ ಹಾರಿಸುವವನು ವಯಸ್ಕ, ಪರವಾನಗಿ ಪಡೆದವನು. ಅವನ ತಪ್ಪಿಗೆಲ್ಲ ವ್ಯವಸ್ಥೆಯನ್ನು ದೂರಿದರೆ ಶಿಸ್ತು ಸಡಿಲವಾಗುವುದಿಲ್ಲವೇ? ವಾಟ್ಸನ್‌ವಿಲ್‌ನಲ್ಲಿ ಅಷ್ಟು ವೇಗದಲ್ಲಿ ಬಂದದ್ದು ಯಾವ ನಿಯಮದ ಕೊರತೆಯಿಂದಲೂ ಅಲ್ಲ ತಾನೇ? ಒಪ್ಪುವ ಮಾತು. ಮುಂದಿರುವ ವಿಮಾನ ಕಾಣಿಸದಿದ್ದಾಗ ಇಳಿಯುವುದನ್ನು ಕೈಬಿಟ್ಟು ಮೇಲೇರುವುದು ಪ್ರತಿ ಪೈಲಟ್‌ನ ಕರ್ತವ್ಯ; ಅದನ್ನು ಮಾಡದವನನ್ನು ಸಮರ್ಥಿಸಬೇಕಾಗಿಲ್ಲ. ಆದರೆ ಶಿಕ್ಷೆಯ ಭಯ ಇಲ್ಲಿ ಕೆಲಸ ಮಾಡುವುದಿಲ್ಲ. ಡಿಕ್ಕಿಯಾದರೆ ಮೊದಲು ಸಾಯುವವನು ತಾನೇ ಎಂದು ಪೈಲಟ್‌ಗೆ ಚೆನ್ನಾಗಿ ಗೊತ್ತು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕಾನೂನೂ ಕೊಡಲಾರದು. ಅಷ್ಟಾದರೂ ತಪ್ಪಾಗುತ್ತಿದೆ ಎಂದರೆ ಅದು ಭಯವಿಲ್ಲದ್ದರಿಂದ ಆದದ್ದಲ್ಲ, ತಿಳಿಯದ್ದರಿಂದ ಆದದ್ದು. ಕಿಂಗ್ ಏರ್‌ನಲ್ಲಿದ್ದ ಒಬ್ಬರು ದೊಡ್ಡ ವಿಮಾನ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದ ಪೈಲಟ್. ಅನುಭವವೂ ಅಲ್ಲಿ ಕಾಪಾಡಲಿಲ್ಲ. ವೈಯಕ್ತಿಕ ಹೊಣೆ ಮತ್ತು ವ್ಯವಸ್ಥೆಯ ಹೊಣೆ ತಕ್ಕಡಿಯ ಎರಡು ತಟ್ಟೆಗಳಲ್ಲ, ಒಂದು ಏರಿದರೆ ಇನ್ನೊಂದು ಇಳಿಯಬೇಕಾಗಿಲ್ಲ. ಪೈಲಟ್‌ನ ಪರವಾನಗಿಯನ್ನೂ ಪ್ರಶ್ನಿಸಬಹುದು, ರನ್‌ವೇ ಪಕ್ಕದ ಮರಗಳನ್ನೂ ಕಡಿಯಬಹುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೇ ಅನುಬಂಧವಾಗಲಿ ಅದನ್ನು ಅನುಸರಿಸುವ ಭಾರತದ 2017ರ ತನಿಖಾ ನಿಯಮಗಳಾಗಲಿ ಹೇಳುವುದೂ ಇದನ್ನೇ: ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದು, ತಪ್ಪಿತಸ್ಥನನ್ನು ನಿರ್ಣಯಿಸುವುದಲ್ಲ.

ಎರಡನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ: ಹಾಗಿದ್ದರೆ ಎಲ್ಲ ಕಡೆ ಟವರ್ ಕಟ್ಟಿಬಿಡಿ. ಇದು ಕೇಳಲು ಚೆಂದ, ಆದರೆ ಎರಡು ಕಾರಣಕ್ಕೆ ಸರಿಯಲ್ಲ. ದಿನಕ್ಕೆ ಹತ್ತಾರು ವಿಮಾನ ಬಂದುಹೋಗುವ ಕಡೆ ಪಾಳಿಯಂತೆ ತರಬೇತಾದ ನಿಯಂತ್ರಕರನ್ನು ಇಡುವುದೆಂದರೆ ಮೂಗಿಗಿಂತ ಮೂಗುತಿ ಭಾರವಾದಂತೆ. ಆ ಖರ್ಚಿಗೆ ಹೆದರಿ ನಿಲ್ದಾಣವನ್ನೇ ಮುಚ್ಚುವ ಸ್ಥಿತಿ ಬಂದೀತು. ಅದಕ್ಕಿಂತ ಮುಖ್ಯವಾಗಿ, ಟವರ್ ಇದ್ದರೆ ತಪ್ಪು ನಿಲ್ಲುತ್ತದೆ ಎಂಬ ನಂಬಿಕೆಗೆ ಚರಿತ್ರೆಯ ಬೆಂಬಲವಿಲ್ಲ. 583 ಜನ ಸತ್ತ 1977ರ ಟೆನೆರಿಫೆ ದುರಂತ ನಡೆದದ್ದು ಟವರ್ ಇದ್ದ ನಿಲ್ದಾಣದಲ್ಲಿ; ಮಂಜಿನಲ್ಲಿ ನಿಯಂತ್ರಕರಿಗೆ ರನ್‌ವೇ ಕಾಣುತ್ತಿರಲಿಲ್ಲ, ಇಬ್ಬರು ಒಟ್ಟಿಗೆ ಮಾತನಾಡಿದ್ದರಿಂದ ನಿರ್ಣಾಯಕ ಮಾತು ಕರ್ಕಶ ಶಬ್ದದಲ್ಲಿ ಮುಳುಗಿತು. 2022ರ ಜುಲೈನಲ್ಲಿ ನಾರ್ತ್ ಲಾಸ್ ವೇಗಸ್‌ನಲ್ಲಿ ಟವರ್ ಕೆಲಸ ಮಾಡುತ್ತಿರುವಾಗಲೇ ಒಂದು ವಿಮಾನ ತನಗೆ ಹೇಳಿದ ರನ್‌ವೇ ಬಿಟ್ಟು ಪಕ್ಕದ್ದರ ಕಡೆಗೆ ತಿರುಗಿ ನಾಲ್ವರು ಸತ್ತರು. ನಮ್ಮ ಮಂಗಳೂರಿನಲ್ಲಿ 2010ರ ಮೇ 22ರಂದು 158 ಜನ ಸತ್ತಾಗ ಟವರ್ ಇತ್ತು, ಇಳಿಯಲು ಅನುಮತಿಯೂ ಇತ್ತು. ಕೊರತೆಯಾದದ್ದು ಇನ್ನೊಂದು ಬಗೆಯ ತಪಾಸಣೆ: ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರೂ ಅದು ಕ್ಯಾಪ್ಟನ್‌ನ ನಿರ್ಧಾರವನ್ನು ಬದಲಿಸಲಿಲ್ಲ. ಎರಡನೆಯ ಕಣ್ಣು ಎಲ್ಲಿರಬೇಕು, ಅದರ ಮಾತು ನಡೆಯುತ್ತದೆಯೇ ಎಂಬುದು ಟವರ್ ಎಂಬ ಕಟ್ಟಡಕ್ಕಿಂತ ದೊಡ್ಡ ಪ್ರಶ್ನೆ.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದು, ಒಂದಕ್ಕಿಂತ ಹೆಚ್ಚು ವಿಮಾನ ಬಳಸುವ ಯಾವುದೇ ಏರ್‌ಸ್ಟ್ರಿಪ್‌ನಲ್ಲಿ ರೇಡಿಯೊ ಕಡ್ಡಾಯವಾಗಬೇಕು, ಆಡಿದ ಮಾತು ದಾಖಲಾಗಬೇಕು. ಆಸ್ಟ್ರೇಲಿಯಾ 2010ರಲ್ಲಿ ಪ್ರಮಾಣಿತ ಮತ್ತು ನೋಂದಾಯಿತ ನಿಲ್ದಾಣಗಳಲ್ಲಿ ರೇಡಿಯೊವನ್ನು ಕಡ್ಡಾಯ ಮಾಡಿತು. ಹಳೆಯ ವಿಮಾನಗಳಲ್ಲಿ ವಿದ್ಯುತ್ ವ್ಯವಸ್ಥೆಯೇ ಇಲ್ಲ ಎಂಬ ನೆಪಕ್ಕೆ ಕೈಯಲ್ಲಿ ಹಿಡಿಯುವ ರೇಡಿಯೊ ಉತ್ತರ. ಎರಡನೆಯದು, ಆದೇಶ ಕೊಡದಿದ್ದರೂ ಮಾಹಿತಿ ಕೊಡುವ ಒಬ್ಬ ವ್ಯಕ್ತಿ. ಕೆನಡಾ ಮತ್ತು ನಾರ್ವೆಯ ಅನೇಕ ಸಣ್ಣ ನಿಲ್ದಾಣಗಳಲ್ಲಿ ಗಾಳಿ, ಮಂಜು, ರನ್‌ವೇ ಸ್ಥಿತಿ, ಸುತ್ತಲಿನ ವಿಮಾನಗಳ ವಿವರ ಹೇಳುವ ಮಾಹಿತಿ ಅಧಿಕಾರಿ ಇರುತ್ತಾರೆ. ಕ್ವಿನ್ಸಿಯಲ್ಲಿ ಅಂಥ ಒಬ್ಬರಿದ್ದು, ಉತ್ತರ ಕೊಟ್ಟದ್ದು ಕಿಂಗ್ ಏರ್ ಅಲ್ಲ ಎಂದು ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಆ ವ್ಯಕ್ತಿ ಅಲ್ಲೇ ಕೂರಬೇಕೆಂದೂ ಇಲ್ಲ: ಸ್ವೀಡನ್ನಿನ ಓರ್ನ್‌ಖೋಲ್ಡ್‌ಸ್ವಿಕ್ ನಿಲ್ದಾಣವನ್ನು 2015ರಿಂದ ದೂರದ ಸುಂಡ್ಸ್‌ವಾಲ್‌ನಿಂದ ಕ್ಯಾಮೆರಾಗಳ ಮೂಲಕ ನಿರ್ವಹಿಸಲಾಗುತ್ತಿದೆ. ಮೂರನೆಯದು, ಸುತ್ತಲಿನ ವಿಮಾನಗಳನ್ನು ತೋರಿಸುವ ಎಡಿಎಸ್-ಬಿ. ಮ್ಯಾಂಗಲೋರ್ ದುರಂತದ ನಂತರದ ವರ್ಷಗಳಲ್ಲಿ ಆಸ್ಟ್ರೇಲಿಯಾ ಸರ್ಕಾರ ಸಣ್ಣ ವಿಮಾನಗಳಿಗೆ ಇದನ್ನು ಅಳವಡಿಸಲು ಅರ್ಧದಷ್ಟು ಸಹಾಯಧನ ಕೊಡತೊಡಗಿತು. ನಾಲ್ಕನೆಯದು, ಟಿಕೆಟ್ ಕೊಂಡ ಪ್ರಯಾಣಿಕರು ಇಳಿಯುವ ಹೊತ್ತಿನಲ್ಲಾದರೂ ಬೆಂಕಿ ನಂದಿಸುವ ವಾಹನ ರನ್‌ವೇ ಪಕ್ಕದಲ್ಲೇ ಇರಬೇಕು. ಈ ನಾಲ್ಕರಲ್ಲಿ ಯಾವುದೂ ಪೈಲಟ್ ತಪ್ಪುವುದನ್ನು ನಿಲ್ಲಿಸುವುದಿಲ್ಲ. ತಪ್ಪು ಸಾವಾಗುವುದನ್ನು ನಿಲ್ಲಿಸಬಹುದು.

ಇಷ್ಟಕ್ಕೂ ಇವು ಅಪರೂಪದ ಅಪಘಾತಗಳು, ರಸ್ತೆಯಲ್ಲಿ ದಿನವೂ ಸಾಯುವವರ ಮುಂದೆ ಇದೇನು ಎನ್ನುವವರಿದ್ದಾರೆ. ಅಪರೂಪ ನಿಜ. ಆದರೆ ವಿಮಾನಯಾನ ಇಷ್ಟು ಸುರಕ್ಷಿತವಾಗಿರುವುದು ಅಪರೂಪದ ಅಪಘಾತವನ್ನೂ ಅಲಕ್ಷಿಸದೆ ಪ್ರತಿಯೊಂದರಿಂದಲೂ ಒಂದು ನಿಯಮ ಹುಟ್ಟಿದ್ದರಿಂದ. ದೊಡ್ಡ ನಿಲ್ದಾಣಕ್ಕೆ ಆ ಕಟ್ಟುನಿಟ್ಟು, ಸಣ್ಣದಕ್ಕೆ ಮಾತ್ರ ಸಮಾಧಾನದ ಮಾತು ಎಂದರೆ ಸಣ್ಣ ಊರಿನ ಪ್ರಯಾಣಿಕನ ಜೀವಕ್ಕೆ ಕಡಿಮೆ ಬೆಲೆ ಕಟ್ಟಿದಂತಾಗುತ್ತದೆ. ಪರದೆಗಳು ಹೆಚ್ಚಾದರೆ ಪೈಲಟ್ ಹೊರಗೆ ನೋಡುವುದನ್ನೇ ಬಿಡುತ್ತಾನೆ ಎಂಬ ಭಯದಲ್ಲಿ ಸತ್ಯಾಂಶವಿದೆ. ತನ್ನ ಸ್ಥಾನವನ್ನು ಸಾರುವ ಟ್ರಾನ್ಸ್‌ಮಿಟರ್ ಹಾಕಿಕೊಳ್ಳದ ವಿಮಾನ ಪರದೆಯಲ್ಲಿ ಕಾಣುವುದೂ ಇಲ್ಲ, ಕಾಣದ್ದು ಇಲ್ಲವೆಂದು ನಂಬುವ ಅಪಾಯವೂ ಉಂಟು. ಅದಕ್ಕೇ ಉಪಕರಣವನ್ನು ಕಣ್ಣಿನ ಬದಲಿಗೆ ಅಲ್ಲ, ಕಣ್ಣಿಗೆ ದಿಕ್ಕು ತೋರಿಸಲು ಬಳಸುವ ತರಬೇತಿ ಬೇಕು. ಸಾಧ್ಯವಿದ್ದಷ್ಟೂ ಎಚ್ಚರಿಕೆ ಪರದೆಯಲ್ಲಿ ಮಿನುಗುವ ಬದಲು ಕಿವಿಗೆ ಬೀಳಬೇಕು. ಎಂಟು ಪಟ್ಟು ಲಾಭ ಬರುವುದು ಪರದೆಯನ್ನು ದಿಟ್ಟಿಸಿದರೆ ಅಲ್ಲ, ಪರದೆ ಹೇಳಿದ ಕಡೆಗೆ ಆಕಾಶವನ್ನು ದಿಟ್ಟಿಸಿದರೆ.

ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. 2014ರಲ್ಲಿ ದೇಶದಲ್ಲಿ ಬಳಕೆಯಲ್ಲಿದ್ದ ವಿಮಾನ ನಿಲ್ದಾಣಗಳು 74. ಹತ್ತು ವರ್ಷಗಳಲ್ಲಿ ಆ ಸಂಖ್ಯೆ ದುಪ್ಪಟ್ಟಾಯಿತು. ಕಲಬುರಗಿಗೆ 2019ರಲ್ಲಿ, ಬೀದರ್‌ಗೆ 2020ರಲ್ಲಿ, ಶಿವಮೊಗ್ಗಕ್ಕೆ 2023ರಲ್ಲಿ ನಾಗರಿಕ ವಿಮಾನ ಬಂತು. ಹಾಸನ, ವಿಜಯಪುರಗಳಲ್ಲಿ ನಿಲ್ದಾಣಗಳನ್ನು ಕಟ್ಟಲಾಗುತ್ತಿದೆ. ಪೈಲಟ್‌ಗಳ ಕೊರತೆ ನೀಗಿಸಲು 2021ರಲ್ಲಿ ತರಬೇತಿ ಶಾಲೆಗಳಿಗೆ ಜಾಗ ಕೊಡಲು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಕಲಿಯುವವರ ಪುಟ್ಟ ವಿಮಾನ, ಪ್ರಯಾಣಿಕರ ವಿಮಾನ, ಬಾಡಿಗೆಯ ಜೆಟ್ ಒಂದೇ ರನ್‌ವೇ ಹಂಚಿಕೊಳ್ಳುವುದು ಇನ್ನು ಮುಂದೆ ಸಾಮಾನ್ಯ ಸಂಗತಿ. ಪ್ರಯಾಣಿಕರ ವಿಮಾನ ಬರುವ ನಿಲ್ದಾಣಗಳ ಮೇಲೆ ನಿಗಾ ಇರುತ್ತದೆ. ಅದರಾಚೆಗೆ ಕೈಗಾರಿಕೆಗಳ, ತರಬೇತಿ ಶಾಲೆಗಳ ಏರ್‌ಸ್ಟ್ರಿಪ್‌ಗಳಿವೆ. ಚುನಾವಣೆ ಬಂದರೆ ದಿನಕ್ಕೆ ಹಲವು ಹೆಲಿಕಾಪ್ಟರ್ ಇಳಿಯುವ ಶಾಲಾ ಮೈದಾನಗಳಿವೆ. ಅಲ್ಲಿ ಗಾಳಿ ಮತ್ತು ಮಂಜಿನ ಸ್ಥಿತಿಯನ್ನು ಯಾರು ಅಳೆಯುತ್ತಾರೆ, ಯಾರು ಹೇಳುತ್ತಾರೆ, ಅವರ ಅರ್ಹತೆ ಏನು, ಆ ಮಾತು ದಾಖಲಾಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಅಪಘಾತಕ್ಕೆ ಮೊದಲೇ ಉತ್ತರ ಬೇಕು. ಹೊಸ ನಿಲ್ದಾಣದ ಉದ್ಘಾಟನೆಗೆ ಒತ್ತಾಯಿಸುವ ಜನಪ್ರತಿನಿಧಿಗಳು ಅಷ್ಟೇ ಒತ್ತಾಯದಿಂದ ಇದನ್ನು ಕೇಳಿದ್ದು ಅಪರೂಪ.

ಸಾರ್ವಜನಿಕರು ಮಾಡಬಹುದಾದ್ದೂ ಇದೆ. ಮುಂದಿನ ಸಲ ಸಣ್ಣ ನಿಲ್ದಾಣವೊಂದರ ಅಪಘಾತದ ವರದಿ ಬಂದು ಪೈಲಟ್‌ನದೇ ತಪ್ಪು ಎಂಬ ತಲೆಬರಹ ಕಂಡಾಗ ಅದನ್ನು ಅಲ್ಲಗಳೆಯಬೇಕಾಗಿಲ್ಲ. ಮುಂದಿನ ಮೂರು ಪ್ರಶ್ನೆ ಕೇಳಿದರೆ ಸಾಕು. ಆ ತಪ್ಪು ಅಲ್ಲಿ ಆಗಬಹುದೆಂದು ಯಾರಿಗೆ ಮೊದಲೇ ಗೊತ್ತಿತ್ತು? ಅದನ್ನು ಹಿಡಿಯಬಹುದಾಗಿದ್ದ ಯಾವ ವ್ಯವಸ್ಥೆಯನ್ನು, ಎಷ್ಟು ಹಣ ಉಳಿಸಲು ಬಿಡಲಾಯಿತು? ವರದಿಯ ಶಿಫಾರಸುಗಳನ್ನು ಯಾವ ದಿನಾಂಕದೊಳಗೆ ಯಾವ ಅಧಿಕಾರಿ ಜಾರಿಗೆ ತರಬೇಕು? ಮೂರನೆಯದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಶಿಫಾರಸು ಮಾಡುವ ತನಿಖಾ ಸಂಸ್ಥೆಗಳಿಗೆ ಅವನ್ನು ಜಾರಿ ಮಾಡಿಸುವ ಅಧಿಕಾರ ಇರುವುದಿಲ್ಲ. ನಿಯಂತ್ರಣ ಸಂಸ್ಥೆ ಸುಮ್ಮನಾದರೆ ಒಳ್ಳೆಯ ವರದಿಯೂ ಕಪಾಟು ಸೇರುತ್ತದೆ. ಜಾರಿಯಾಗದ ಪ್ರತಿ ಶಿಫಾರಸಿಗೂ ಕಾರಣ ಬರೆದು ವರ್ಷಕ್ಕೊಮ್ಮೆ ಶಾಸನಸಭೆಯ ಮುಂದಿಡುವುದು ಕಡ್ಡಾಯವಾಗಲಿ. ಪೈಲಟ್ ತನ್ನ ತಪ್ಪಿಗೆ ಪ್ರಾಣವನ್ನೇ ತೆರುವಾಗ, ಗೊತ್ತಿದ್ದೂ ಏನೂ ಮಾಡದವರು ಒಂದು ಸಹಿ ಹಾಕಿ ಕಾರಣ ಹೇಳಲಿ ಎಂದು ಕೇಳುವುದು ಅತಿಯಾಗದು.